ಕಾಲುಪೇಟಿಗೆ ಬಂಗಾರದ ಬಣ್ಣ

ಏಪ್ರಿಲ್ 6, ಸೋಮವಾರ

ಪರದೆ ಎದ್ದಿದೆ. ಬೆಳಕು ಬಿದ್ದಿದೆ. ರಾಜಾಧಿರಾಜ ರಣಕೇತು ಸಿಂಹಾಸನದಿಂದ ಎದ್ದು ನಿಂತು ಬಾಯಿ ತೆರೆಯುತ್ತಾನೆ. ಏನೂ ಬರುವುದಿಲ್ಲ.

ಕಾರವಾರದ ಗಂಟಲಿನ ಡಾಕ್ಟರು ಇಂದು ಬರೆದುಕೊಟ್ಟ ದೃಶ್ಯ ಇದು. ಮೂಗಿನಿಂದ ಸಣ್ಣ ಕೊಳವೆ ಇಳಿಸಿ, ನನ್ನ ಧ್ವನಿತಂತುಗಳನ್ನು ನನಗೇ ಟಿವಿಯಲ್ಲಿ ತೋರಿಸಿದರು. ಎರಡು ಬಿಳಿ ಎಳೆಗಳು. ಎರಡರ ಮೇಲೂ ಸಾಬಕ್ಕಿ ಕಾಳಿನಂಥ ಗಂಟು. ನಾಲ್ಕು ವಾರ ಒಂದು ಶಬ್ದ ಆಡಬಾರದು, ಪಿಸುಗುಡುವುದೂ ಕೂಡದು ಎಂದರು.

"ಮೇ ಒಂಬತ್ತಕ್ಕೆ ನಾಟಕ ಉಂಟು ಡಾಕ್ಟ್ರೇ, ರಾಜನ ಪಾರ್ಟು ಇವ್ರದೇ. ಮಾಡ್ಬಹುದಾ?" ಎಂದು ಹೆಂಡತಿ ರೂಪಾ ಕೇಳಿದಳು.

"ಮೇ ನಾಲ್ಕಕ್ಕೆ ಬನ್ನಿ, ನೋಡುವಾ. ಈಗ ಕೂಗಿದ್ರೆ ಇದ್ದದ್ದೂ ಹೋಗ್ತದೆ" ಎಂದರು ಡಾಕ್ಟರು.

ಸಭಿಕರೇ, ಪಾತ್ರಪರಿಚಯ: ದೇವಾನಂದ. ಅಂಕೋಲಾ ಬಸ್ ನಿಲ್ದಾಣದ ಕಂಟ್ರೋಲರ್. ನಾನು ಕೂಗಿ ಹೇಳಿದ ಬಸ್ಸನ್ನು ತಪ್ಪಿಸಿಕೊಂಡವರಿಲ್ಲ. ರಜೆಯ ದಿನಗಳಲ್ಲಿ ಶೆಟಗೇರಿಯ ನಾಟಕ ಮಂಡಳಿಯ ರಣಕೇತು. ಮೈಕಿಲ್ಲದೆ ಕಡೆಯ ಸಾಲಿಗೆ ಮುಟ್ಟುವ ಕಂಠ ಎಂದು ಹೆಸರು. ಸದ್ಯ ಮೂಕಪಾತ್ರ. ಮಾತು ಎಲ್ಲಿಯಾದರೂ ಹೊರಗೆ ಬೀಳಬೇಕಲ್ಲ, ಆದ್ದರಿಂದ ಈ ಬರವಣಿಗೆ. ಇದನ್ನು ಓದುವವರಿಲ್ಲ. ಸಭಿಕರೇ ಎಂದದ್ದು ಅಭ್ಯಾಸಬಲದಿಂದ.

ಬಸ್ಸಿನಲ್ಲಿ ಬರುವಾಗ ರೂಪಾ ಒಂದು ಮಾತೂ ಆಡಲಿಲ್ಲ. ಅವಳಿಗೆ ಅಭ್ಯಾಸವಿಲ್ಲ.

ಏಪ್ರಿಲ್ 8, ಬುಧವಾರ

ಅರಮನೆಯ ಮೇಲೆ ದಾಳಿ! ದಾಳಿಕೋರಳು ಸ್ವಂತ ಮಗಳು!

ದೀಕ್ಷಾ ಒಳಕೋಣೆಯಿಂದ ಕಾಲುಪೇಟಿಯನ್ನು ಎಳೆದು ಜಗುಲಿಗೆ ತಂದಳು. ನನ್ನ ಅಪ್ಪನದು ಅದು. ಕೂತು, ಎರಡೂ ಪಾದಗಳಿಂದ ತುಳಿದು ಗಾಳಿ ತುಂಬಿಸಿ ನುಡಿಸುವ ದೊಡ್ಡ ಹಾರ್ಮೋನಿಯಂ. ಊರೂರು ತಿರುಗುವ ಕಂಪನಿ ನಾಟಕಗಳಲ್ಲಿ ಅಪ್ಪ ರಂಗದ ಕೆಳಗೆ ಇದರ ಮುಂದೆ ಕೂತಿರುತ್ತಿದ್ದ. ಆಮೇಲೆ ಊರಿಗೆ ಬಂದು ಮಂಡಳಿಯಲ್ಲೂ ಅದೇ ಜಾಗ. ನಾನು ವೇಷದ ಪೆಟ್ಟಿಗೆಯಲ್ಲಿ ಮಲಗಿ ಬೆಳೆದವನು, ಎದ್ದು ನಿಂತಾಗ ನೇರ ರಂಗದ ಮೇಲೆ ನಿಂತೆ. ದೇವಾನಂದನ ಕಂಠ ಪೇಟಿಯನ್ನೇ ಮುಳುಗಿಸುತ್ತದೆ ಎಂದು ಊರಿನ ಜನ ಅಪ್ಪನೆದುರೇ ಹೇಳುತ್ತಿದ್ದರು. ಅಪ್ಪ ನಗುತ್ತಿದ್ದ.

"ಅಪ್ಪಾ, ಈ ಪೆಟ್ಟಿಗೆ ನಂಗೆ ಬೇಕು."

ನನ್ನ ಕೈಯಲ್ಲೀಗ ಒಂದು ಸ್ಲೇಟು ಇದೆ. ಬರೆದೆ: ಬೇಡ. ಅಡಿಗೆರೆ ಎಳೆದೆ.

ಮೊದಲಾಗಿದ್ದರೆ ನನ್ನ ಒಂದು ಗರ್ಜನೆಗೆ ಈ ದೃಶ್ಯ ಮುಗಿಯುತ್ತಿತ್ತು. ಸ್ಲೇಟಿಗೆ ಆ ಶಕ್ತಿ ಇಲ್ಲ. ಅವಳು ಅದನ್ನು ಓದಿ, ಪಕ್ಕಕ್ಕಿಟ್ಟು, ಚಕ್ಕಳಮಕ್ಕಳ ಹಾಕಿ ಕೂತಳು.

"ನೀ ಪೂರ್ತಿ ಕೇಳು ಒಂದ್ಸಲ. ಇದ್ರ ಸ್ವರದ ಪಟ್ಟಿಗೆಲ್ಲ ಕಿಲುಬು ಹಿಡ್ದದೆ. ತಿದಿ ಇಲಿ ತಿಂದದೆ. ಆಯಿ ಇದ್ರೊಳಗೆ ನೀರುಳ್ಳಿ ಇಡ್ತದೆ. ನೀರುಳ್ಳಿಗೆ ಸಂಗೀತ ಎಂತಕ್ಕೆ ಹೇಳು?"

ಒಳಗಿನಿಂದ ರೂಪಾ: "ನೀರುಳ್ಳಿ ನಾ ಬೇರೆ ಕಡೆ ಇಡ್ತೆ, ನನ್ನ ಹೆಸ್ರು ಎಳೂದು ಬೇಡ."

ದೀಕ್ಷಾ ಕಾರವಾರದ ಬೈತಖೋಲ ಬಂದರಿನ ಹತ್ತಿರ ಬೋಟುಗಳ ವಾಯರ್‌ಲೆಸ್ಸು, ಮೀನು ಹುಡುಕುವ ಯಂತ್ರ ರಿಪೇರಿ ಮಾಡುವ ಅಂಗಡಿಯಲ್ಲಿದ್ದಾಳೆ. ಬಿಡುವಿನಲ್ಲಿ ಬೇಸ್ ಗಿಟಾರು ನುಡಿಸುತ್ತಾಳೆ. ನಾಲ್ಕು ದಪ್ಪ ತಂತಿ. ದೂರದಲ್ಲಿ ಲಾರಿ ಘಟ್ಟ ಹತ್ತುವ ಶಬ್ದ ಎಂದೇ ನಾನು ತಿಳಿದಿದ್ದೆ. ಅವಳಿಗೂ ಅವಳ ಜೊತೆಗಾರ ಗಿಟಾರಿನವನಿಗೂ ಸೇರಿ ಒಂದು ಪೆಡಲ್ ಬೋರ್ಡು ಬೇಕಂತೆ. ಕೊಳ್ಳುವುದಲ್ಲ, ಕಟ್ಟುವುದು. ಗಿಟಾರಿನಿಂದ ಹೊರಟ ಧ್ವನಿ ಸ್ಪೀಕರು ತಲುಪುವ ಮೊದಲು ಕೆಲವು ಡಬ್ಬಿಗಳ ಮೂಲಕ ಹಾದುಹೋಗುತ್ತದೆ. ಒಂದರಲ್ಲಿ ಒರಟಾಗುತ್ತದೆ, ಒಂದರಲ್ಲಿ ಪ್ರತಿಧ್ವನಿ ಬರುತ್ತದೆ, ಒಂದರಲ್ಲಿ ದೊಡ್ಡದಾಗುತ್ತದೆ. ಯಾವ ಡಬ್ಬಿ ಯಾವಾಗ ಎಂಬುದನ್ನು ಕಾಲಿನಿಂದ ಒತ್ತಿ ಹೇಳಬೇಕು. ಅಂದರೆ ಧ್ವನಿಗೆ ಬಣ್ಣದ ಮನೆ. ವೇಷ ಹಾಕಿಸಿ ರಂಗಕ್ಕೆ ಕಳಿಸುವುದು. ಇಷ್ಟು ನನಗೆ ಅರ್ಥವಾಯಿತು.

"ಕಾಲು ತುಳಿಯೂ ಹಲಗೆ ಇದ್ರಲ್ಲೇ ಉಂಟಲ್ಲ ಅಪ್ಪಾ. ಅಜ್ಜನ ಕಾಲಿಂದು. ಅದ್ಕೇ ಇದೇ ಬೇಕು ಹೇಳೂದು ನಾನು."

ಹಲಗೆಗಳನ್ನು ನೋಡಿದೆ. ಪಾದ ಊರಿದ ಕಡೆ ಮರ ಸವೆದು ಎರಡು ಗುಳಿಗಳಾಗಿವೆ.

ಸ್ಲೇಟು ಒರೆಸಿದೆ. ಏನೂ ಬರೆಯಲಿಲ್ಲ. ಅವಳು ಅದನ್ನೇ ಒಪ್ಪಿಗೆ ಎಂದುಕೊಂಡಳು.

ಏಪ್ರಿಲ್ 12, ಭಾನುವಾರ

ಗಿಟಾರಿನವನ ಪ್ರವೇಶ. ಹೆಸರು ರೋಷನ, ಚೆಂಡಿಯಾದವನು. ಅವರ ಹಳೆಯ ಮನೆ ಇದ್ದ ಜಾಗ ಈಗ ನೌಕಾನೆಲೆಯ ಗೋಡೆಯ ಒಳಗಿದೆ. ಅಪ್ಪನ ಜೊತೆ ಬೋಟಿಗೆ ಹೋಗುತ್ತಾನೆ, ಬಲೆ ಕಟ್ಟುವ ಬೆರಳುಗಳಿಂದಲೇ ಗಿಟಾರು ನುಡಿಸುತ್ತಾನೆ. ಮೊದಲ ಮಾತಿಗೇ ಸಲುಗೆ ಬೆಳೆಸಿದ.

"ಕಾಕಾ, ನೀವು ಮಾತಾಡೂದಿಲ್ಲ ಅಂತ ದೀಕ್ಷಾ ಹೇಳ್ದಾಗ ನಾ ನಂಬಲಿಲ್ಲ. ನಮ್ಮ ಬೋಟಿನ ಇಂಜಿನ್ ನಿಂತ್ರೂ ನಿಮ್ಮ ಗಂಟಲು ನಿಲ್ಲೂದಿಲ್ಲ ಅಂತ ಅಂಕೋಲೆ ಕಡೆ ಮಾತು."

ಸ್ಲೇಟಿನಲ್ಲಿ ಬರೆದೆ: ಮೂರ್ಖ. ಅವನು ನಗುತ್ತಾ ಅದರ ಫೋಟೋ ತೆಗೆದುಕೊಂಡ.

ದಿನವಿಡೀ ಕೆಲಸ. ಪೇಟಿಯ ಸ್ವರಪಟ್ಟಿ ಕಳಚಿದರು. ತಿದಿ ಹೊರಗೆ ಹೋಯಿತು. ಕೆಳಗಿನ ಮರದ ಮೈಯಲ್ಲಿ ಮೂರು ಡಬ್ಬಿಗಳು ಸಾಲಾಗಿ ಕೂತವು. ಗುಜರಿಗೆ ಹೋದ ಬೋಟಿನ ಅಲ್ಯೂಮಿನಿಯಂ ಡಬ್ಬಿಗಳು. ಎಡಗಡೆಯದು ಒರಟಿನದು, ನಡುವಿನದು ಪ್ರತಿಧ್ವನಿಯದು, ಬಲಗಡೆಯದು ದೊಡ್ಡದು ಮಾಡುವುದು. ಕಾಲುಹಲಗೆಗಳಿಗೆ ದೀಕ್ಷಾ ಹೊಸ ಕೆಲಸ ಕೊಟ್ಟಿದ್ದಾಳೆ: ತುಳಿದರೆ ಧ್ವನಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಎಡ ಹಲಗೆ ಬೇಸಿಗೆ, ಬಲ ಹಲಗೆ ಗಿಟಾರಿಗೆ.

ಅವರಿಬ್ಬರೂ ಮಾತಾಡುತ್ತಲೇ ಇರುತ್ತಾರೆ. ಒಬ್ಬರ ವಾಕ್ಯವನ್ನು ಇನ್ನೊಬ್ಬರು ಮುಗಿಸುತ್ತಾರೆ. ಮನೆಯಲ್ಲಿ ಇಷ್ಟು ಮಾತು ಎಂದಿನಿಂದ ಇತ್ತೋ ತಿಳಿಯದು.

ಏಪ್ರಿಲ್ 13, ಸೋಮವಾರ

ಮಂಡಳಿಯ ಮಾಸ್ತಿ ಮಾಸ್ತರು ಬಂದಿದ್ದರು. ನಮ್ಮ ನಾಟಕ ಕಲಿಸುವವರು ಅವರೇ. ರಣಕೇತುವಿನ ಪಾತ್ರವನ್ನು ಭರತ 'ಸುಮ್ಮನೆ ಓದಿಟ್ಟುಕೊಳ್ಳುತ್ತಿದ್ದಾನಂತೆ'. ಸೊಸೈಟಿ ಬ್ಯಾಂಕಿನ ಭರತ. ಹೋದ ವರ್ಷ ದೂತನ ಪಾತ್ರದಲ್ಲಿ ಅವನ ಮಾತು ಎರಡನೇ ಸಾಲಿಗೂ ಮುಟ್ಟಿರಲಿಲ್ಲ. ಸಂದೇಶ ರಾಜನಿಗೇ ತಲುಪಲಿಲ್ಲ.

"ಪಾತ್ರ ನಿಂದೇ ದೇವಾನಂದ. ನಾಕನೇ ತಾರೀಕಿಗೆ ಡಾಕ್ಟ್ರು ಹ್ಞೂಂ ಹೇಳ್ಲಿ, ಕಿರೀಟ ನಿಂದೇ."

ಕಿರೀಟದ ಪೆಟ್ಟಿಗೆ ನಮ್ಮ ಮನೆಯಲ್ಲೇ ಇದೆ. ಇಲ್ಲೇ ಇರುತ್ತದೆ.

ಏಪ್ರಿಲ್ 18, ಶನಿವಾರ

ದೀಕ್ಷಾ ಅಂಗಡಿಗೆ, ರೂಪಾ ಹಿಲ್ಲೂರಿನ ತವರಿಗೆ. ರಂಗದ ಮೇಲೆ ರಾಜನೊಬ್ಬನೇ.

ಜಗುಲಿಯಲ್ಲಿ ಬೋರ್ಡು. ಕೆಲಸ ಮುಗಿದಿದೆ. ನಾಳೆ ಕಾರವಾರದಲ್ಲಿ, ಗೆಳೆಯರೆದುರು ಅದರ ಮೊದಲ ನುಡಿಸಾಣಿಕೆ. ಆದರೆ ನೋಡುವುದಕ್ಕೆ? ಬೂದು ಡಬ್ಬಿಗಳು, ಗೀರುಬಿದ್ದ ಮೈ, ಒಂದರ ಮೇಲೆ ಇನ್ನೂ ಯಾವುದೋ ಬೋಟಿನ ನಂಬರು. ಧ್ವನಿಗೆ ವೇಷ ಹಾಕಿಸುವ ಬಣ್ಣದ ಮನೆಗೇ ಬಣ್ಣವಿಲ್ಲ! ಅಪ್ಪನ ಪೇಟಿ ಈ ರೂಪದಲ್ಲಿ ಜನರೆದುರು ಹೋಗುವುದೇ?

ಕಿರೀಟಕ್ಕೆ ಪ್ರತಿ ವರ್ಷ ಬಳಿಯುವ ಬಂಗಾರದ ಬಣ್ಣ ಪೆಟ್ಟಿಗೆಯಲ್ಲಿತ್ತು. ಡಬ್ಬಿಗಳನ್ನು ಬಿಚ್ಚಿದೆ. ತಂತಿ ಚುಚ್ಚುವ ತೂತುಗಳ ತಿರುಪು ಸಡಿಲಿಸಿ, ಒಳಗೂ ಹೊರಗೂ, ಅಂಚಿಗೂ ಸಂದಿಗೂ, ಒಂದು ಕಡೆ ಬಿಡದೆ ಎರಡು ಕೈ ಬಳಿದೆ. ಮಂಡಳಿಯಲ್ಲಿ ಕಿರೀಟಕ್ಕೆ ಬಣ್ಣ ಕಟ್ಟುವುದು ಹೀಗೆಯೇ. ಒಳಗೆ ಬಿಟ್ಟರೆ ಉಪ್ಪುಗಾಳಿಗೆ ಕಿಲುಬು ಹಿಡಿಯುತ್ತದೆ. ಒಣಗಿದ ಮೇಲೆ ಎಲ್ಲವನ್ನೂ ಇದ್ದ ಹಾಗೆಯೇ ಬಿಗಿದೆ.

ಸಂಜೆಯ ಬಿಸಿಲು ಬಿದ್ದಾಗ ಸಿಂಹಾಸನದಂತೆ ಹೊಳೆಯಿತು.

ಏಪ್ರಿಲ್ 19, ಭಾನುವಾರ

ಸಿಂಹಾಸನ ಗೊಂಯ್‌ಗುಟ್ಟಿತು.

ಕಾರವಾರದಲ್ಲಿ ರೋಷನನ ಮಾವನ ಗೋಡೌನು. ಹತ್ತಿಪ್ಪತ್ತು ಜನ ಹುಡುಗರು. ದೀಕ್ಷಾ ತಂತಿ ಚುಚ್ಚಿದಳು. ಸಾವಿರ ಜೇನುಹುಳು ಒಟ್ಟಿಗೆ ಎದ್ದ ಹಾಗೆ. ಬೇಸು ಎಲ್ಲೋ ಅಡಿಯಲ್ಲಿ ಮುಳುಗಿತು, ಗಿಟಾರು ಬಂದು ಬಂದು ಹೋಯಿತು. ಅವಳು ತಂತಿ ಬದಲಿಸಿದಳು, ಪ್ಲಗ್ಗು ಬದಲಿಸಿದಳು. ಹುಡುಗರು ಮೊದಲು ನಕ್ಕರು, ಆಮೇಲೆ ಮೊಬೈಲು ನೋಡಿದರು, ಆಮೇಲೆ ಚಹಾಕ್ಕೆ ಹೋದರು. ನಾನು ಹಿಂದಿನ ಸಾಲಿನಲ್ಲಿದ್ದೆ. ಬಣ್ಣ ಚೆನ್ನಾಗಿ ಕಾಣುತ್ತಿತ್ತು.

ಮನೆಗೆ ಬಂದು ಡಬ್ಬಿ ಬಿಚ್ಚಿದಳು. ಒಳಗೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಒಳಗೂ ಬಳ್ದಿದ್ಯಾ?"

ತಲೆ ಆಡಿಸಿದೆ.

"ಹೊರಗೆ ಬಳಿ, ಅಡ್ಡಿಲ್ಲ. ಹೂ ಬಿಡಿಸು, ನವಿಲು ಬಿಡಿಸು! ಒಳಗೆ ಎಂತಕ್ಕೆ? ಧ್ವನಿ ತಂತಿಯೊಳಗೆ ಹೋಗ್ತದೆ, ತಿರುಗಿ ಬರೂ ದಾರಿ ಈ ಡಬ್ಬಿ ಮೈಯೇ. ಲೋಹಕ್ಕೆ ಲೋಹ ತಾಗ್ಬೇಕು. ನಡುವೆ ನಿನ್ನ ಬಣ್ಣ ಕೂತದೆ. ಎಲ್ಲಾ ಕಡೆ ನಿಂದೇ ಬಣ್ಣ ಅಪ್ಪಾ! ನಾ ಎಂತ ಮಾಡಿದ್ರೂ ಅದ್ರ ಮೇಲೆ ಬಂದು ಕೂರ್ತದೆ. ಶಾಲೆಯಾಗೆ ನಾ ಹಾಡಿದ್ರೆ ನೀ ಕೆಳಗಿಂದ ಹಾಡ್ತಿದ್ದೆ. ನಾ ಮಾತಾಡಿದ್ರೆ ಅದ್ರ ಕೊನೆ ನೀ ಹೇಳ್ತಿದ್ದೆ. ಈಗ ಬಾಯಿ ಮುಚ್ಚಿದ್ರೂ..."

ಅವಳ ಕಂಠ ಒಡೆಯಿತು. ಬಹಳ ಎತ್ತರದ ಸ್ಥಾಯಿಗೆ ಹೋಗಿ ಅಲ್ಲಿ ಒಡೆಯಿತು. ಒಳ್ಳೆಯ ಕಂಠ. ಕಡೆಯ ಸಾಲಿಗೆ ಖಂಡಿತ ಮುಟ್ಟುತ್ತದೆ. ನನ್ನದೇ ಜಾತಿಯ ಕಂಠ ಎಂದು ಈವರೆಗೆ ಗೊತ್ತಿರಲಿಲ್ಲ.

ರೂಪಾ ಬಾಗಿಲಲ್ಲಿ ನಿಂತಿದ್ದಳು, ಮಗಳನ್ನು ತಡೆಯಲಿಲ್ಲ.

ಸ್ಲೇಟು ಹುಡುಕಿದೆ, ಸಿಗಲಿಲ್ಲ. ಮರಳುಕಾಗದ ಸಿಕ್ಕಿತು. ತೂತುಗಳ ಸುತ್ತ ಬಣ್ಣ ಉಜ್ಜತೊಡಗಿದೆ. ಸ್ವಲ್ಪ ಹೊತ್ತಿಗೆ ಅವಳೂ ಇನ್ನೊಂದು ತುಂಡು ತೆಗೆದುಕೊಂಡು ಎದುರಿಗೆ ಕೂತಳು. ಕರಕರ ಶಬ್ದವಷ್ಟೆ. ಮೂರು ಡಬ್ಬಿಗಳ ಒಳಗೂ ಲೋಹ ಬೆಳ್ಳಗೆ ಕಂಡಿತು. ಸೇರಿಸಿ ಚುಚ್ಚಿದೆವು. ಗೊಂಯ್ ತಗ್ಗಿತು, ಪೂರ್ತಿ ನಿಲ್ಲಲಿಲ್ಲ. ಅವಳು ಎಡಗಡೆಯ ಡಬ್ಬಿಗೆ ಕೈ ಹಾಕಿದಳು. ನಾನು ನಡುವಿನದನ್ನು ತೋರಿಸಿದೆ. ಹೇಗೆ ಗೊತ್ತು ಎಂದು ಕಣ್ಣಲ್ಲೇ ಕೇಳಿದಳು. ಕಿವಿ ಮುಟ್ಟಿಕೊಂಡೆ. ನಡುವಿನದನ್ನೇ ಇನ್ನಷ್ಟು ಉಜ್ಜಿದಳು. ನಿಂತಿತು.

ಆಮೇಲೆ ಬೇಸಿನ ದಪ್ಪ ತಂತಿಯೊಂದನ್ನು ಮೀಟಿದಳು. ಲಾರಿಯಲ್ಲ ಅದು. ದೊಡ್ಡ ದೋಣಿ ಮರಳಿಗೆ ಏರುವಾಗ ಅಡಿಗೆ ತಾಗುವ ಸದ್ದು.

ಏಪ್ರಿಲ್ 20, ಸೋಮವಾರ

ವಿಶೇಷವಿಲ್ಲ. ರೂಪಾ ತನ್ನ ತವರಿನ ಬಾವಿಯ ಕಥೆ ಹೇಳಿದಳು. ಉದ್ದದ ಕಥೆ. ಕೊನೆ ಚೆನ್ನಾಗಿದೆ.

ಏಪ್ರಿಲ್ 26, ಭಾನುವಾರ

ಮಂಡಳಿಯ ಪೇಟಿ ಮಾಸ್ತರು ಜಗದೀಶ, ಕರಿ ಇಷಾಡು ಜಾತಿಯ ಮಾವಿನ ಮರದಿಂದ ಬಿದ್ದು ಕೈ ಮುರಿದುಕೊಂಡಿದ್ದಾರೆ. ಹಣ್ಣು ಮಾತ್ರ ಬಿಡಲಿಲ್ಲವಂತೆ. ನಾಟಕಕ್ಕೆ ಸಂಗೀತವಿಲ್ಲ. ಮಾಸ್ತಿ ಮಾಸ್ತರು ನಮ್ಮ ಜಗುಲಿಗೆ ಬಂದು ಬೋರ್ಡನ್ನು ಅನುಮಾನದಿಂದ ಸುತ್ತಿ ನೋಡಿದರು.

"ಇದ್ರಾಗೆ ಯುದ್ಧ ಬರ್ತದಾ?"

ದೀಕ್ಷಾ ಎಡಗಡೆಯ ಡಬ್ಬಿ ಒತ್ತಿ ತಂತಿ ಎಳೆದಳು. ಮಾಸ್ತರು ಒಂದು ಹೆಜ್ಜೆ ಹಿಂದೆ ಸರಿದರು.

"ಸಾಕು ಸಾಕು. ಯುದ್ಧ ಬರ್ತದೆ. ಮಳೆ?"

ಮಳೆಯೂ ಬಂತು. ಗುಡುಗೂ. ಹಾಗೆ ಮಕ್ಕಳಿಬ್ಬರೂ ಶಾಲೆಯಲ್ಲಿ ನಡೆಯುವ ತಾಲೀಮಿಗೆ ಬಂದರು, ಬೋರ್ಡಿನೊಂದಿಗೆ. ನಾನು ಕಡೆಯ ಸಾಲಿನಲ್ಲಿ ಕೂತು ಭರತನನ್ನು ಕೇಳಿದೆ. ಮಾತು ಮುಟ್ಟುವುದಿಲ್ಲ. ಆದರೆ ರಾಣಿಯ ಸಾವಿನ ಸುದ್ದಿ ಕೇಳಿದ ಮೇಲೆ ಅವನು ಏನನ್ನೂ ಹೇಳದೆ ನಿಲ್ಲುತ್ತಾನೆ. ಅಲ್ಲಿ ನಾನು ಮೂರು ಸಲ 'ಹಾ' ಎನ್ನುತ್ತಿದ್ದೆ. ಅವನು ನಿಂತಾಗ ನನ್ನ ಪಕ್ಕದ ನಾಯಿಯೂ ತಲೆ ಎತ್ತಿ ನೋಡಿತು.

ಮುಖ ಸುಮಾರು. ನಡಿಗೆ ಸುಮಾರು.

ಮೇ 4, ಸೋಮವಾರ

ಡಾಕ್ಟರು: "ಗಂಟು ಕರಗಿದೆ. ಮಾತಾಡಬಹುದು, ಸಣ್ಣ ಧ್ವನಿಯಲ್ಲಿ. ಕೂಗುವುದು ಇನ್ನು ಮುಂದೆ ಇಲ್ಲ. ಗಂಟು ಇನ್ನೊಮ್ಮೆ ಬಂದರೆ ಕರಗುತ್ತದೆ ಎಂದು ನಾನು ಹೇಳುವುದಿಲ್ಲ."

ಮೊದಲ ಮಾತಿಗಾಗಿ ದೊಡ್ಡ ಸಂಭಾಷಣೆಯೊಂದನ್ನು ಯೋಚಿಸಿಟ್ಟಿದ್ದೆ. ಹೊರಗೆ ಬಂದಾಗ ರೂಪಾ "ಚಹಾ ಕುಡಿಯುವಾ?" ಎಂದಳು. "ಹ್ಞೂಂ" ಎಂದೆ. ಅಷ್ಟೇ ಆಯಿತು ಉದ್ಘಾಟನೆ.

ಮೇ 6, ಬುಧವಾರ

ಮಾಸ್ತಿ ಮಾಸ್ತರು ಹೇಳಿದ ಉಪಾಯ ಮೈಕು. ದೇವಾನಂದ ಮೈಕು ಹಿಡಿಯುವುದೇ! ರೋಷನ ಹೇಳಿದ್ದು ಅದಕ್ಕಿಂತ ದೊಡ್ಡ ಉಪಾಯ.

"ಕಾಕಾ, ಮೈಕ್ ನಮ್ಮ ಬೋರ್ಡಿಗೆ ಚುಚ್ಚುವಾ. ನೀವು ಇಷ್ಟೇ ಹೇಳಿ, ಅದು ಅಷ್ಟು ಮಾಡ್ತದೆ. ಎಂತಕ್ಕೆ ಹೆದ್ರೂದು?"

ಬಲಗಡೆಯ ಡಬ್ಬಿ, ನಡುವಿನ ಡಬ್ಬಿ. ಕಿರೀಟ ಧರಿಸಿದೆ. ಮೂರನೇ ಅಂಕದ ಮಾತು, ಮಲಗಿದ ಮಗುವಿಗೆ ಹೇಳುವಷ್ಟು ಸಣ್ಣ ಧ್ವನಿಯಲ್ಲಿ: "ಯಾರಲ್ಲಿ? ನನ್ನ ರಾಜ್ಯದಲ್ಲಿ ನಗುವವರು ಯಾರು?"

ಶಾಲೆಯ ಗೋಡೆಗಳು ಹೇಳಿದವು: ಯಾರು, ಯಾರು, ಯಾರು. ರಸ್ತೆಯಲ್ಲಿ ಹೋಗುತ್ತಿದ್ದ ಸ್ಕೂಟರು ನಿಂತಿತು. ಇಂಥ ಕಂಠ ನನಗೆ ಇಪ್ಪತ್ತೈದರಲ್ಲೂ ಇರಲಿಲ್ಲ.

ಮಂತ್ರಿಯ ಮಗಳ ಪಾತ್ರ ಮಾಡುವ ಹುಡುಗಿ ಪ್ರೀತಿ ಉತ್ತರ ಹೇಳಬೇಕು. ಅವಳು ಬಾಯಿ ತೆರೆದಳು, ನನ್ನ ಪ್ರತಿಧ್ವನಿ ಇನ್ನೂ ಇತ್ತು, ಬಾಯಿ ಮುಚ್ಚಿದಳು. ಮತ್ತೆ ತೆರೆದಳು.

"ಕಾಕಾ, ನಿಮ್ಮ ಮಾತು ಎಲ್ಲಿ ಮುಗೀತದೆ ಅಂತ ನಂಗೆ ಗೊತ್ತಾಗೂದಿಲ್ಲ."

"ಮನೆಯಾಗೂ ಹಂಗೇ ಇತ್ತು ಮಾರಾಯ್ತಿ" ಎಂದಳು ದೀಕ್ಷಾ. ಎಲ್ಲರೂ ನಕ್ಕರು. 'ಇತ್ತು' ಎಂದಳು.

ಇನ್ನೊಮ್ಮೆ ಮಾಡಿದೆ. ಈ ಸಲ ಪ್ರೀತಿಯ ಮಾತು ಬಂತು, ಅದರ ಬೆನ್ನಿಗೆ ನನ್ನ ಸಿಟ್ಟಿನ ಮಾತು. ಮೈಕು ಇದ್ದದ್ದು ಮರೆತೇಹೋಯಿತು. ಕಂಠ ತಾನಾಗಿ ಏರಿತು. ಗಂಟಲಲ್ಲಿ ಮೀನಿನ ಮುಳ್ಳು ನಾಟಿದ ಹಾಗೆ ಆಯಿತು, ಅಲ್ಲೇ ನಿಂತೆ. ಎಲ್ಲರೂ ನಟನೆ ಎಂದುಕೊಂಡರು. ದೀಕ್ಷಾ ಮಾತ್ರ ಬೇಸು ಕೆಳಗಿಟ್ಟು ಎದ್ದಳು.

ಪಕ್ಕದ ಪರದೆಯ ಬಳಿ ಭರತ ನಿಂತಿದ್ದ. ನಾನು ನಿಲ್ಲಿಸಿದ ಮಾತನ್ನು ಅವನ ತುಟಿಗಳು ಮುಂದುವರಿಸುತ್ತಿದ್ದವು, ಧ್ವನಿಯಿಲ್ಲದೆ. ಪೂರ್ತಿ ಬಾಯಿಪಾಠ.

ಕಿರೀಟ ತೆಗೆದು ಅವನ ತಲೆಗೆ ಇಟ್ಟೆ. ಸ್ವಲ್ಪ ಸಡಿಲ, ಒಳಗೆ ಬಟ್ಟೆ ಸುತ್ತಿದರೆ ಸರಿಹೋಗುತ್ತದೆ.

"ಕಾಕಾ, ನೀವು..." ಎಂದ. ಅವನ ಕಣ್ಣು ಒದ್ದೆಯಾಗಿತ್ತು. ನನ್ನದು ನೋಡಿಕೊಳ್ಳಲಿಲ್ಲ.

"ಮೂರನೇ ಅಂಕದಾಗೆ ಉಸಿರು ಎಲ್ಲಿ ತಕಣೂದು ಹೇಳಿ ಕಾಕಾ. ಅಲ್ಲೇ ನಂಗೆ ಉಸಿರು ಸಾಲೂದಿಲ್ಲ."

ಹೇಳಿದೆ. ಸಣ್ಣ ಧ್ವನಿಯಲ್ಲಿ. ಅವನು ಹತ್ತಿರ ಬಂದು ಬಾಗಿ ಕೇಳಿದ.

ಮನೆಗೆ ಬರುವಾಗ ದೀಕ್ಷಾ: "ಬೇಸೂ ನುಡಿಸಿ, ಡಬ್ಬಿಯೂ ಒತ್ತಿ, ಭರತನ ಮಾತು ಬಂದಾಗ ಹಲಗೆ ಬಿಡೂದು ನಂಗೆ ಆಗೂದಿಲ್ಲ ಅಪ್ಪಾ. ರೋಷನನಿಗೂ ಆಗೂದಿಲ್ಲ. ನಿಂಗೆ ನಾಟಕ ಪೂರ್ತಿ ಬಾಯಿಗೆ ಬರ್ತದೆ. ಕಾಲು ನೀ ಹಾಕು."

ಮೇ 10, ಭಾನುವಾರ

ನಿನ್ನೆ ನಾಟಕ ಆಯಿತು.

ರಂಗದ ಕೆಳಗೆ, ಎಡಮೂಲೆಯಲ್ಲಿ, ಸ್ಟೂಲಿನ ಮೇಲೆ ನಾನು. ನನ್ನ ಎಡಕ್ಕೆ ದೀಕ್ಷಾ, ಬಲಕ್ಕೆ ರೋಷನ, ಮುಂದೆ ಬೋರ್ಡು. ಚಪ್ಪಲಿ ಬಿಟ್ಟು ಪಾದಗಳನ್ನು ಹಲಗೆಯ ಗುಳಿಗಳಲ್ಲಿ ಇಟ್ಟೆ. ಅಳತೆ ಸರಿಯಾಗಿತ್ತು.

ಭರತನಿಗೆ ಮೈಕು ಇರಲಿಲ್ಲ. ತಾನೇ ಬೇಡ ಎಂದನಂತೆ. ಅವನು ಉಸಿರು ಎಳೆಯುವುದು ಕೇಳಿಸಿದ ಕೂಡಲೇ ಪಾದ ಹಿಂದೆ ಸರಿಯುತ್ತಿತ್ತು, ಬೇಸು ತಗ್ಗುತ್ತಿತ್ತು, ಗಿಟಾರು ತಗ್ಗುತ್ತಿತ್ತು, ಆ ಖಾಲಿಯಲ್ಲಿ ಅವನ ಮಾತು ನಡೆದುಹೋಗುತ್ತಿತ್ತು. ಮಾತು ಮುಗಿದ ಕಡೆ ಪಾದ ಮುಂದೆ. ಯಾರಿಗೂ ಕಾಣದ ಕೆಲಸ. ರಾಣಿಯ ಸಾವಿನ ಸುದ್ದಿ ಬಂದು ಅವನು ಸುಮ್ಮನೆ ನಿಂತಾಗ ಎರಡೂ ಪಾದ ಎತ್ತಿಬಿಟ್ಟೆ. ಅಷ್ಟೂ ಜನರ ನಡುವೆ ಕಡಲೆಯಂಗಡಿಯ ಪೆಟ್ರೋಮ್ಯಾಕ್ಸು ಉಸ್ಸೆನ್ನುವುದಷ್ಟೇ ಕೇಳಿಸಿತು.

ಮೂರನೇ ಅಂಕದ ನಡುವೆ ಒಂದು ವಿಷಯ ನೆನಪಾಯಿತು. ದೇವಾನಂದನ ಕಂಠ ಪೇಟಿಯನ್ನೇ ಮುಳುಗಿಸುತ್ತದೆ ಎಂದು ಜನ ಹೇಳುವಾಗ ಅಪ್ಪ ನಗುತ್ತಿದ್ದದ್ದು. ಅಷ್ಟರಲ್ಲಿ ಯುದ್ಧ ಬಂತು, ಎರಡೂ ಹಲಗೆ ತುಳಿಯಬೇಕಾಯಿತು.

ನಾಟಕ ಮುಗಿದ ಮೇಲೆ ಹೊನ್ನಿಯಕ್ಕ ಬಂದಳು. ಮೀನು ಮಾರುವ ಹೊನ್ನಿಯಕ್ಕ. ವರ್ಷವೂ ಕಡೆಯ ಸಾಲು ಅವಳದೇ, ಬೇಗ ಎದ್ದು ಹೋಗಲು ಅನುಕೂಲ ಎಂದು. ಈ ಸಲ ಕೊನೆಯವರೆಗೂ ಇದ್ದಳು.

"ಎಂತಾ ದೇವಾನಂದ, ಕಾಲಾಗೆ ಪಾರ್ಟ್ ಮಾಡ್ದೆಯಾ?"

"ಹ್ಞೂಂ. ಹೆಂಗಿತ್ತಕ್ಕಾ?"

"ಅಡ್ಡಿಲ್ಲ. ವರ್ಷವೂ ನಿನ್ನ ಗಂಟಲೇ ಕೇಳ್ತಿತ್ತು. ಈ ಸಲ ನಾಟ್ಕ ಕೇಳ್ತು" ಎಂದು ಬುಟ್ಟಿ ಎತ್ತಿಕೊಂಡು ಹೋದಳು.

ಮೀನಿನವಳ ಬಾಯಿ. ಅವಳಿಗೆ ಕಲೆಯ ಬಗ್ಗೆ ಏನು ಗೊತ್ತು.

ಎಡ ಹಲಗೆಯ ಸ್ಪ್ರಿಂಗು ಸಣ್ಣಗೆ ಕಿರುಗುಡುತ್ತದೆ. ಎಣ್ಣೆ ಬಿಡಬೇಕು.

ಮೇ 13, ಬುಧವಾರ

ಕೆಲಸಕ್ಕೆ ಹಾಜರಾದೆ. ನಿಲ್ದಾಣದಲ್ಲಿ ಮೈಕು ಮೊದಲಿನಿಂದಲೂ ಇತ್ತಂತೆ. ನಾನು ಬಳಸಿರಲಿಲ್ಲ.

ಬರೆಯುವುದಕ್ಕೆ ಹೆಚ್ಚೇನಿಲ್ಲ. ಊಟ ಮಾಡುವಾಗ ರೂಪಾ ಕೇಳಿದಳು: "ಡಾಕ್ಟ್ರು ಮಾತಾಡಿ ಅಂದ್ರಲ್ಲ, ಮತ್ತೆ ಎಂತಕ್ಕೆ ಸುಮ್ಮನೆ ಕೂತಿದ್ರಿ?" ನೀನು ಹೇಳಿ ಮುಗಿಸಲಿ ಎಂದು ಕಾಯುತ್ತಿದ್ದೆ ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿ ಇನ್ನೊಂದು ತುಂಡು ಮೀನು ಬಡಿಸಿದಳು.

ಜಗುಲಿಯಲ್ಲಿ ದೀಕ್ಷಾ ಬೋರ್ಡು ಬಿಚ್ಚಿ ಕೂತಿದ್ದಾಳೆ. ಮತ್ತೆ ಗೊಂಯ್ ಅನ್ನುತ್ತಿದೆಯಂತೆ, ಉಪ್ಪುಗಾಳಿ. ಎಡಗಡೆಯ ಡಬ್ಬಿಯದೇ ಕಿತಾಪತಿ ಎಂದು ತನ್ನಷ್ಟಕ್ಕೆ ಬಯ್ಯುತ್ತಿದ್ದಾಳೆ.

ಇಲ್ಲಿಗೇ ಕೇಳುತ್ತಿದೆ. ಎಡಗಡೆಯದಲ್ಲ, ನಡುವಿನದು.

ಕೂಗಿ ಹೇಳುವಂತಿಲ್ಲ. ಎದ್ದು ಹೋಗಿ ಹೇಳಬೇಕು.